ಬಿದ್ದ ಲಾರಿಯ ಕಾವಲು

ಇಡಗುಂದಿ ದಾಟಿ ಘಟ್ಟಕ್ಕೆ ಇಳಿಯುವ ಹೆದ್ದಾರಿಯ ಪಕ್ಕದಲ್ಲಿ ನನ್ನದೊಂದು ಚಾದಂಗಡಿ ಇದೆ. ನಾನು ಮದುವೆಯಾಗಿ ಈ ಊರಿಗೆ ಬಂದಾಗ ಅತ್ತೆ ಅದನ್ನು ನಡೆಸುತ್ತಿದ್ದರು. ಬಂದ ಹೊಸತರಲ್ಲಿ ನನಗೆ ಸೋಜಿಗ ಎನಿಸಿದ್ದು ಊರಿನ ಸೋಪು. ಯಾರ ಮನೆಯ ಬಚ್ಚಲಿಗೆ ಹೋದರೂ ಅದೇ ಹಸಿರು ಸೋಪು, ಅದೇ ವಾಸನೆ. ಇಷ್ಟೊಂದು ಒಗ್ಗಟ್ಟು ಎಲ್ಲಿಂದ ಬಂತು ಎಂದು ಅತ್ತೆಯನ್ನು ಕೇಳಿದೆ. "ಲಾರಿ ಬಿದ್ದಿತ್ತು" ಎಂದರು, ನಿನ್ನೆ ಮಳೆ ಬಂದಿತ್ತು ಎನ್ನುವಷ್ಟು ಸಹಜವಾಗಿ.

ಘಟ್ಟದ ತಿರುವಿನಲ್ಲಿ ಲಾರಿ ಮಗುಚುವುದು ನಮಗೆ ಹೊಸದಲ್ಲ. ಲಾರಿ ಬಿದ್ದ ಸುದ್ದಿ ಬಂದರೆ ಖಾಲಿ ಚೀಲ ಹುಡುಕುವುದೂ ಹೊಸದಾಗಿರಲಿಲ್ಲ. ಅದನ್ನು ಕಳ್ಳತನ ಎಂದು ಯಾರೂ ತಿಳಿದಿರಲಿಲ್ಲ. ಪಕ್ಕದ ಮನೆಯ ಮಾವಿನಕಾಯಿ ಮುಟ್ಟಿದರೆ ಮಕ್ಕಳ ಬೆನ್ನಿಗೆ ಬಾರಿಸುವ ತಾಯಂದಿರೇ, ಈರುಳ್ಳಿ ಲಾರಿ ಬಿದ್ದ ದಿನ ಅದೇ ಮಕ್ಕಳ ತಲೆಯ ಮೇಲೆ ಗಂಟು ಹೊರಿಸುತ್ತಿದ್ದರು. ಬಿದ್ದದ್ದು ದೇವರು ಕೊಟ್ಟದ್ದು ಎಂಬ ಭಾವನೆ. ಹಾಗಂತ ನಾವು ಕಟುಕರೇನಲ್ಲ. ರಸ್ತೆ ಬದಿಯಲ್ಲಿ ಕೂತ ಡ್ರೈವರನಿಗೆ ಯಾರಾದರೊಬ್ಬರು ನೀರು ಕೊಡುತ್ತಿದ್ದರು. ಕೊಟ್ಟು, ಮತ್ತೆ ಮೂಟೆಯ ಕಡೆ ಓಡುತ್ತಿದ್ದರು.

ಇದಕ್ಕೆ ಅಡ್ಡ ನಿಂತವರು ನಮ್ಮ ಅಂಗಡಿಯ ಎದುರು ಮನೆಯವರು. ಸೈನ್ಯದಲ್ಲಿ ಲಾರಿ ಓಡಿಸಿ ನಿವೃತ್ತರಾಗಿ ಬಂದವರು. ಕೂದಲು ಬೇಗ ನರೆತಿದ್ದರಿಂದ, ಮೊಮ್ಮಕ್ಕಳು ಹುಟ್ಟುವ ಮೊದಲೇ ಅವರಿಗೆ ಮಿಲಿಟ್ರಿ ಅಜ್ಜ ಎಂದು ಹೆಸರು ಬಿದ್ದಿತ್ತು. ಹಿಮ ಬೀಳುವ ಗುಡ್ಡದ ರಸ್ತೆಗಳಲ್ಲಿ ಓಡಾಡಿದ ಮನುಷ್ಯ. ಅಲ್ಲಿಯ ಕತೆ ಹೇಳಿ ಎಂದರೆ "ಬಾಳ ಚಳಿ" ಎಂದು ಮುಗಿಸಿಬಿಡುತ್ತಿದ್ದರು. ಆಗಸ್ಟ್ ಹದಿನೈದಕ್ಕೆ ಶಾಲೆಯವರು ಭಾಷಣಕ್ಕೆ ಕರೆದರೆ ಎರಡು ಮಾತಾಡಿ, ತಾವೇ ನಿಂತು ಮಕ್ಕಳಿಗೆ ಪೆಪ್ಪರಮೆಂಟು ಹಂಚಿ ಬರುತ್ತಿದ್ದರು.

ನಾನು ಕಣ್ಣಾರೆ ಕಂಡ ಮೊದಲ ಜಗಳ ಬೆಲ್ಲದ ಲಾರಿಯದು. ಅಜ್ಜ ಡ್ರೈವರನನ್ನು ಒಂದು ಜೀಪಿಗೆ ಹತ್ತಿಸಿ ಯಲ್ಲಾಪುರದ ಆಸ್ಪತ್ರೆಗೆ ಕಳಿಸಿ, ಚೆಲ್ಲಿದ ಮಾಲಿನ ಎದುರು ಬೆತ್ತ ಹಿಡಿದು ನಿಂತರು. ಅವರು ನಿಲ್ಲುವಷ್ಟರಲ್ಲಿ ಅರ್ಧ ಬೆಲ್ಲ ಊರು ಸೇರಿತ್ತು. ಕೆಳಗಿನ ಮನೆ ಅಕ್ಕ ಸೊಂಟದ ಮೇಲೆ ಬೆಲ್ಲದ ಪೆಂಟೆ ಇಟ್ಟುಕೊಂಡು, ಕೂಸನ್ನು ಎತ್ತಿಕೊಂಡ ಹಾಗೆ ಅವರೆದುರೇ ಹಾದು ಹೋದಳು. ಅವಳು ಕೂಲಿ ಮಾಡಿ ಸಂಸಾರ ಸಾಕುವವಳು, ಬಾಯಿ ಜೋರು. ಅಜ್ಜ ಬೇಡ ಎಂದದ್ದೇ ತಡ, ತಿರುಗಿ ನಿಂತಳು.

"ನಿಮ್ಗೆ ತಿಂಗಳಾದ್ರೆ ಪಿಂಚಣಿ ಬರ್ತದೆ ಅಜ್ಜ, ಕಾವಲು ನಿಲ್ಲೂಕೆ ಎಂತ ತೊಂದ್ರೆ? ನಮ್ಗೆ ಬರೂದು ಬಿದ್ದ ಲಾರಿ ಒಂದೇ."

ಅಜ್ಜ ಸಂಜೆಯವರೆಗೂ ಬಿಸಿಲಲ್ಲಿ ನಿಂತರು. ಮರುದಿನ ಅಂಗಡಿಗೆ ಬಂದವರು ಚಾ ಆರಿದರೂ ಕುಡಿಯಲಿಲ್ಲ.

"ಅವ್ಳು ಹೇಳಿದ್ದು ಸರಿ ಅದೆ ತಂಗಿ" ಎಂದರು. "ಬರೀ ಬ್ಯಾಡ ಅಂದ್ರೆ ಹೊಟ್ಟೆ ಕೇಳೂದಿಲ್ಲ."

ಬೈಸಿಕೊಂಡವರು ಮುನಿಸಿಕೊಳ್ಳುವುದನ್ನು ಕಂಡಿದ್ದೇನೆ. ಬೈಸಿಕೊಂಡು ಯೋಚನೆಗೆ ಬಿದ್ದವರನ್ನು ಅಷ್ಟಾಗಿ ಕಂಡಿಲ್ಲ. ಮುಂದಿನ ಸಲ ಲಾರಿ ಬಿದ್ದಾಗ ಅಜ್ಜ ನೇರವಾಗಿ ಮಾಲೀಕನ ಹತ್ತಿರ ಮಾತಿಗೆ ಕೂತರು. ಮಾಲನ್ನು ಹೇಗೂ ಬೇರೆ ಲಾರಿಗೆ ತುಂಬಿಸಬೇಕು, ಹೊರಗಿನ ಹಮಾಲರು ಯಾಕೆ, ನಮ್ಮೂರಿನವರು ತುಂಬುತ್ತಾರೆ, ಕೂಲಿ ಕೊಡಿ, ಮಧ್ಯಾಹ್ನ ಊಟ ಹಾಕಿಸಿ ಎಂದರು. ಆ ಮಾಲೀಕ ನಮ್ಮ ಕೈಯಲ್ಲಿದ್ದ ಚೀಲಗಳನ್ನು ನೋಡಿದ. ಕುರಿ ಕಾಯಲು ತೋಳನನ್ನು ನೇಮಿಸಿ ಎಂದಂತಾಯಿತು ಅವನಿಗೆ. ಅಜ್ಜ "ನಾ ಇದ್ದೇನಲ್ಲ" ಎಂದರು. ಅಷ್ಟೇ ಜಾಮೀನು. ಊರವರು ಗೊಣಗುತ್ತಲೇ ತುಂಬಿದರು. ಕೂಲಿ ಕೈಗೆ ಬಂದ ಮೇಲೆ ಗೊಣಗಾಟ ಕಡಿಮೆಯಾಯಿತು. ವರ್ಷಗಳು ಹೋದ ಹಾಗೆ ಅದೇ ರೂಢಿಯಾಯಿತು. ಆದರೂ ಪ್ರತಿ ಸಲ ಅಜ್ಜ ಬೆತ್ತ ಹಿಡಿದು ಅಲ್ಲಿ ನಿಂತೇ ಇರುತ್ತಿದ್ದರು.

ಇನ್ನೊಂದು ಪದ್ಧತಿಯನ್ನೂ ಅವರು ನನ್ನ ತಲೆಗೆ ಕಟ್ಟಿದರು. ಡ್ರೈವರನ ಸಾಮಾನನ್ನೆಲ್ಲ ಹೆಕ್ಕಿ ಒಂದು ಟವೆಲಿನಲ್ಲಿ ಗಂಟು ಕಟ್ಟಿ ನನ್ನ ಅಂಗಡಿಯ ಹಲಗೆಯ ಮೇಲೆ ಇಡುವುದು. ಅವನೋ ಅವನ ಮನೆಯವರೋ ಬರುವ ತನಕ ಅದು ಅಲ್ಲಿರಬೇಕು. ಬನ್ನಿನ ಭರಣಿಯ ಪಕ್ಕ ಯಾರದೋ ಚಪ್ಪಲಿ ಇಟ್ಟರೆ ಗಿರಾಕಿಗಳು ಬರುತ್ತಾರೆಯೇ ಎಂದು ನಾನು ರೇಗಿದೆ.

"ಮಾಲಿಗೆ ಮಾಲೀಕ ಬತ್ತಾನೆ. ಡ್ರೈವರನ ಚಪ್ಪಲಿಗೆ ಯಾರು ಬತ್ತಾರೆ ತಂಗಿ?" ಎಂದರು.

ನಾನು ಬೈದುಕೊಳ್ಳುತ್ತಲೇ ಕೆಳಗೊಂದು ಬೇರೆ ಹಲಗೆ ಹೊಡೆಸಿದೆ.

ಕಳೆದ ಬೇಸಿಗೆಯಲ್ಲಿ ಅಜ್ಜ ಹಾಸಿಗೆ ಹಿಡಿದರು. ಉಸಿರು ಸಾಲುತ್ತಿರಲಿಲ್ಲ. ರಸ್ತೆ ಕಾಣಲಿ ಎಂದು ಮಂಚವನ್ನು ಕಿಟಕಿಯ ಬದಿಗೆ ಎಳೆಸಿಕೊಂಡಿದ್ದರು. ಒಂದು ಬೆಳಿಗ್ಗೆ ಅಕ್ಕಿ ತುಂಬಿದ ಲಾರಿ ಮಗುಚಿತು. ಕೈ ಮುರಿದ ಡ್ರೈವರನನ್ನು ಆಂಬುಲೆನ್ಸಿನಲ್ಲಿ ಕಳಿಸಿದರು. ಅದಾಗಿ ಸ್ವಲ್ಪ ಹೊತ್ತಿಗೆ ಜನ ಮನೆಗಳಿಂದ ಖಾಲಿ ಚೀಲ ಹಿಡಿದು ಆ ಕಡೆ ಓಡತೊಡಗಿದರು. ಎಲ್ಲರಿಗಿಂತ ಮುಂದೆ, ಕಂಕುಳಲ್ಲಿ ಚೀಲದ ಕಟ್ಟು ಇರುಕಿಕೊಂಡು, ಕೆಳಗಿನ ಮನೆ ಅಕ್ಕ. ಲಾರಿ ಬಿದ್ದದ್ದು ತಿರುವಿನ ಆಚೆ, ಅಜ್ಜನಿಗೆ ಕಿಟಕಿಯಿಂದ ಕಂಡದ್ದು ಈ ಓಟ ಮಾತ್ರ. ಕೂಗಿದರಂತೆ. ಆ ದನಿ ರಸ್ತೆಯವರೆಗೆ ಬರಲಿಲ್ಲ.

ಸಂಜೆ ಚಾ ತೆಗೆದುಕೊಂಡು ಹೋದಾಗ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಬೆಳಗಿನಿಂದ ಒಂದು ತುತ್ತೂ ಮುಟ್ಟಿಲ್ಲ ಎಂದು ಅಜ್ಜಿ ಹೇಳಿದರು.

"ನಾ ನಿಂತಿದ್ರೆ ಮಾತ್ರ ಊರು ಸೈ" ಎಂದರು ಅಜ್ಜ, ತಿರುಗದೆ. "ಮಲಗಿದ ಕೂಡ್ಲೆ ಚೀಲ ಹೊರಗೆ ಬಂತು. ನಾ ಇಷ್ಟು ವರ್ಷ ಕಾದಿದ್ದು ಎಂತಕ್ಕೆ?"

ಲಾರಿಯ ಮೂಟೆಗಳೆಲ್ಲ ಒಡೆದು ಅಕ್ಕಿ ರಸ್ತೆಯ ತುಂಬ ಹರಡಿತ್ತು, ಅದನ್ನು ಬಾಚಿ ಮಾಲೀಕನಿಗೇ ತುಂಬಿಕೊಡಲು ಚೀಲ ಒಯ್ದದ್ದು ಎಂದು ಹೇಳಿದೆ.

"ನಂಗೆ ಸಮಾಧಾನ ಆಗ್ಲಿ ಅಂತ ಹೇಳೂದು ನೀನು."

ನನಗೆ ಸಿಟ್ಟು ಬಂತು. ರೋಗಿ ಎಂದೂ ನೋಡಲಿಲ್ಲ. ದಡದಡ ರಸ್ತೆ ದಾಟಿ, ಅಂಗಡಿಯ ಹಲಗೆಯಿಂದ ಆ ದಿನದ ಗಂಟನ್ನು ತಂದು ಮಂಚದ ಮೇಲೆ ಇಟ್ಟೆ. "ನಂಬೂದಾದ್ರೆ ನಂಬಿ, ಇಲ್ಲದಿದ್ರೆ ಬಿಡಿ" ಎಂದೆ.

ಅಜ್ಜ ತಿರುಗಿದರು. ಎದ್ದು ಕೂತು ಗಂಟು ಬಿಚ್ಚಿದರು. ಚಪ್ಪಲಿ, ಬಾಚಣಿಗೆ, ಮಡಚಿದ ಲುಂಗಿ, ಮೊಬೈಲಿನ ಚಾರ್ಜರು, ಯಾವುದೋ ದೂರದ ಊರಿನ ದೇವರ ಪಟ, ಒಂದು ಸ್ಟೀಲಿನ ಊಟದ ಡಬ್ಬಿ. ಡಬ್ಬಿ ಎತ್ತಿದಾಗ ಒಳಗೆ ಏನೋ ಸದ್ದಾಯಿತು. ಮುಚ್ಚಳ ತೆಗೆದರು. ತೊಳೆದು ಒರೆಸಿದ ಡಬ್ಬಿ, ತಳದಲ್ಲಿ ಒಂದು ಬೆಲ್ಲದ ಚೂರು.

"ಇದನ್ನ ಯಾರು ಇಟ್ಟಿದ್ದು?"

ನನಗೂ ಗೊತ್ತಿರಲಿಲ್ಲ. ಗಂಟು ಕಟ್ಟಿ ತಂದುಕೊಟ್ಟವಳು ಕೆಳಗಿನ ಮನೆ ಅಕ್ಕ. ಅವಳು ಕೆಲಸ ಮುಗಿಸಿ ನನ್ನ ಅಂಗಡಿಯ ಬೆಂಚಿನಲ್ಲೇ ಕೂತಿದ್ದಳು. ಕಿಟಕಿಯಿಂದ ಕೂಗಿ ಕರೆದೆ. ಬಂದು ಕಿಟಕಿಯ ಹೊರಗೆ ನಿಂತಳು, ಸೀರೆಯ ತುಂಬ ಅಕ್ಕಿಯ ಬಿಳಿ ಧೂಳು.

"ಡಬ್ಬಿ ತುಂಬ ಸಾರು, ಮಣ್ಣು. ಹಾಗೇ ಕಟ್ಟೂಕೆ ಮನ್ಸು ಬರ್ಲಿಲ್ಲ, ತೊಳ್ದೆ" ಎಂದಳು.

"ಬೆಲ್ಲ ಎಂತಕ್ಕೆ?"

"ಯಾರ್ದೋ ಮನೆ ಡಬ್ಬಿ ಅಲ್ವಾ ಅಜ್ಜ. ಖಾಲಿ ಹೆಂಗೆ ಕಳ್ಸೂದು?"

ನೆರೆಮನೆಯವರು ಪಾತ್ರೆಯಲ್ಲಿ ಏನಾದರೂ ಕೊಟ್ಟರೆ ಅದನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬುದು ನಮ್ಮ ಹೆಂಗಸರಿಗೆ ಯಾರೂ ಕಲಿಸದೆ ಬರುವ ವಿದ್ಯೆ. ಅದನ್ನು ಬಿದ್ದ ಲಾರಿಯ ಡ್ರೈವರನ ಮನೆಗೂ ಅನ್ವಯಿಸಬಹುದು ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಅಜ್ಜನಿಗೂ ಹೊಳೆದಿರಲಿಲ್ಲ. ಅವರು ಬೆಲ್ಲವನ್ನೇ ನೋಡುತ್ತ ಕೂತರು. ಕಣ್ಣು ತುಂಬಿತ್ತು. ಆಮೇಲೆ ತಲೆ ಎತ್ತಿದರು.

"ಇದು ಆವತ್ತಿನ ಲಾರಿ ಬೆಲ್ಲ ಅಲ್ವಲ್ಲ?"

"ಅದು ಆವತ್ತೇ ತಿಂದು ಮುಗೀತು ಅಜ್ಜ" ಎಂದಳು ಅಕ್ಕ. "ಇದು ಅಂಗಡಿದು. ನನ್ನ ಕೂಲಿದು."

ಅಜ್ಜ ನಕ್ಕರು. ನಗು ಕೆಮ್ಮಿಗೆ ತಿರುಗಿತು, ಕೆಮ್ಮುತ್ತಲೇ ನಕ್ಕರು. ಮುಚ್ಚಳವನ್ನು ಒತ್ತಿ ಹಾಕಿ, ಟವೆಲನ್ನು ತಾವೇ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟರು. ಮಳೆ ಹಿಡಿಯುವ ಮೊದಲೇ ಅವರು ಹೋಗಿಬಿಟ್ಟರು. ಅವರ ನೆನಪಾದಾಗಲೆಲ್ಲ ನನಗೆ ಬೆತ್ತ ಹಿಡಿದು ನಿಂತ ಸಿಪಾಯಿ ಕಾಣುವುದಿಲ್ಲ. ಆ ಸಂಜೆ ಮಂಚದ ಮೇಲೆ ಎದ್ದು ಕೂತು ಒಳಗಿದ್ದ ಅಜ್ಜಿಯನ್ನು ಕೂಗಿದ ಮುದುಕರೇ ಕಾಣುತ್ತಾರೆ.

"ಹಸಿವಾಗ್ತದೆ ಮಾರಾಯ್ತಿ, ಊಟ ಹಾಕು."