ಶಿವಬಸವ್ವನ ದಪ್ಪ ರೊಟ್ಟಿ

ರಾಷ್ಟ್ರಪತಿ ಚುನಾವಣೆಯಲ್ಲಿ ನನಗೂ ಒಂದು ಓಟು ಇದೆ ಎಂದು ಇಪ್ಪತ್ತಾರು ವರ್ಷ ತುಂಬುವವರೆಗೆ ನಂಬಿದ್ದೆ. ಬರೀ ನಂಬಿದ್ದರೆ ಪರವಾಗಿರಲಿಲ್ಲ. ಒಂದು ವಾರ ಗೋಪನಕೊಪ್ಪದ ಚಹಾದಂಗಡಿಯಲ್ಲಿ ಕುಳಿತು, ಯಾರಿಗೆ ಹಾಕಬೇಕು, ಯಾಕೆ ಹಾಕಬೇಕು ಎಂದು ನಾಲ್ಕು ಜನರಿಗೆ ತಿಳಿಹೇಳಿದ್ದೆ. ಅವರೂ ನನ್ನಂಥವರೇ. ಇಬ್ಬರು ನನ್ನ ವಾದ ಕೇಳಿ ಮನಸ್ಸನ್ನೂ ಬದಲಿಸಿದ್ದರು. ಮತದಾನದ ದಿನ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ, ವೋಟರ್ ಕಾರ್ಡು ಜೇಬಿಗಿಟ್ಟುಕೊಂಡು, ಪ್ರತಿಸಲ ಓಟು ಹಾಕುವ ಸಾಲೆಗೆ ಹೋದೆ. ಅಲ್ಲಿ ಸರದಿಯೂ ಇರಲಿಲ್ಲ, ಪೊಲೀಸರೂ ಇರಲಿಲ್ಲ. ಮಕ್ಕಳು ಪ್ರಾರ್ಥನೆ ಹೇಳುತ್ತಿದ್ದರು.

"ಯಾರ ಪಾಲಕರ್ರಿ ನೀವು?" ಎಂದು ಹೆಡ್‌ಮಾಸ್ತರು ಕೇಳಿದರು.

ನನಗೆ ಮದುವೆಯೇ ಆಗಿರಲಿಲ್ಲ. "ಓಟ ಹಾಕಾಕ ಬಂದೇನ್ರಿ ಸರ," ಎಂದೆ.

"ಯಾರಿಗೆ?"

"ರಾಷ್ಟ್ರಪತಿಗೆ."

ಅವರು ಬೈಯಲಿಲ್ಲ. ನನ್ನ ಕೈ ಹಿಡಿದು ಏಳನೆಯ ತರಗತಿಗೆ ಕರೆದುಕೊಂಡು ಹೋದರು. ಒಬ್ಬ ಹುಡುಗಿಯನ್ನು ಎಬ್ಬಿಸಿ ಸಮಾಜ ವಿಜ್ಞಾನದ ಪುಸ್ತಕದಿಂದ ಒಂದು ಪುಟ ಗಟ್ಟಿಯಾಗಿ ಓದಿಸಿದರು. ರಾಷ್ಟ್ರಪತಿಯನ್ನು ಆರಿಸುವವರು ಸಂಸದರು ಮತ್ತು ಶಾಸಕರು ಎಂದು ಆ ಹುಡುಗಿ ಸ್ವಚ್ಛ ಉಚ್ಚಾರದಲ್ಲಿ ಓದಿದಳು. ನಾನು ಹಿಂದಿನ ಬೆಂಚಿನ ಪಕ್ಕ ಕೈಕಟ್ಟಿ ನಿಂತು ಕೇಳಿಸಿಕೊಂಡೆ.

ಆ ಹುಡುಗಿ ನಮ್ಮ ರೊಟ್ಟಿ ಸಂಘದ ರುಕ್ಸಾನಾಳ ಮಗಳು ಎಂಬುದು ಮರುದಿನ ಗೊತ್ತಾಯಿತು. ಬೀಗ ತೆಗೆದುಕೊಟ್ಟು, ಚಹಾ ಕುಡಿದು ನಾನು ಒಳಗೆ ಬಂದ ಕೂಡಲೇ ಹದಿನೇಳು ಹೆಂಗಸರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಕಿಟಕಿಯ ಪಕ್ಕದ ಒಲೆಯಿಂದ ಶಿವಬಸವ್ವ ಮಾತ್ರ ಕತ್ತೆತ್ತದೆ ಕೇಳಿದಳು: "ತಮ್ಮಾ, ದಿಲ್ಲಿಯಿಂದ ಯಾವಾಗ ಬಂದಿ?"

ನಾನು ಆ ಸಂಘದಲ್ಲಿ ಪಗಾರಕ್ಕಿರುವ ಕಾರ್ಯದರ್ಶಿ. ಕಾರ್ಯದರ್ಶಿ ಎಂಬ ಮಾತು ಮದುವೆಯ ಬಯೋಡೇಟಾದಲ್ಲಿ ಚೆನ್ನಾಗಿ ಕಾಣುತ್ತದೆ. ಕೆಲಸ ಮಾತ್ರ ಬೆಳಿಗ್ಗೆ ಬೀಗ ತೆಗೆಯುವುದು, ಪ್ಯಾಕಿಗೆ ಲೇಬಲ್ ಅಂಟಿಸುವುದು, ಸಂಜೆ ಬೀಗ ಹಾಕುವುದು. ನಮ್ಮ ಕಡಕ್ ಜೋಳದ ರೊಟ್ಟಿ ಹುಬ್ಬಳ್ಳಿಯ ಖಾನಾವಳಿಗಳಿಗೂ ಹೋಗುತ್ತದೆ, ಪುಣೆಗೂ ಹೋಗುತ್ತದೆ. ಪುಣೆಯ ವ್ಯಾಪಾರಿ ಫೋನಿನಲ್ಲಿ "ಆ ತೆಳು ರೊಟ್ಟಿ ಹೆಚ್ಚಿಗಿ ಹಾಕ್ರಿ" ಎನ್ನುತ್ತಿದ್ದ. ನಾನು "ಆತ್ರಿ" ಎಂದು ಕೈಗೆ ಸಿಕ್ಕಿದ್ದನ್ನು ತುಂಬುತ್ತಿದ್ದೆ. ರೊಟ್ಟಿ ಎಂದರೆ ರೊಟ್ಟಿ ಎಂದುಕೊಂಡಿದ್ದೆ.

ಆ ತೆಳು ರೊಟ್ಟಿ ಶಿವಬಸವ್ವನದು. ಆಕೆಯ ತವರು ಉಪ್ಪಿನಬೆಟಗೇರಿ. ಏಳು ವರ್ಷದವಳಿದ್ದಾಗ ರೊಟ್ಟಿ ಬಡಿಯಲು ಕಲಿತಳಂತೆ. ಮೊದಲನೆಯ ರೊಟ್ಟಿಯನ್ನು ಅವರ ಮನೆಯ ಎಮ್ಮೆಯೂ ಮೂಸಿ ಬಿಟ್ಟಿತು ಎಂದು ತಾನೇ ಹೇಳುತ್ತಾಳೆ. ಈಗ ಅರವತ್ತೊಂದು. ಬಲಭುಜ ಆಗಾಗ ಹಿಡಿದುಕೊಳ್ಳುತ್ತದೆ, ಆದರೆ ಆಕೆಯ ರೊಟ್ಟಿಯನ್ನು ಕಿಟಕಿಗೆ ಹಿಡಿದರೆ ಆಚೆ ಹೋಗುವ ಬಸ್ಸು ಕಾಣುತ್ತದೆ. ಅಂಚು ಕತ್ತರಿಯಿಂದ ಕತ್ತರಿಸಿದ ಹಾಗೆ, ಎಲ್ಲೂ ಒಡೆದಿರುವುದಿಲ್ಲ.

ಎಂಟೂವರೆಗೆ ಶುರುವಾಗುವ ಕೆಲಸಕ್ಕೆ ಆಕೆ ಏಳು ಗಂಟೆಗೇ ಬಂದು ಕಟ್ಟೆಯ ಮೇಲೆ ಕೂತಿರುತ್ತಾಳೆ. ಒಂದು ದಿನ ಬೀಗ ತೆಗೆಯುತ್ತ ಕೇಳಿದೆ: "ಇಷ್ಟ ಲಗೂ ಯಾಕ ಬರ್ತೀರಿ ಆಯಿ? ಮನ್ಯಾಗ ಆರಾಮ ಕೂಡ್ರಬಾರದೇನ್ರಿ?"

"ಆರಾಮದ ಕುರ್ಚಿ ತಂದಾಳ ನಮ್ಮ ನಾಗರತ್ನಾ. ಕುಂತು ಕುಂತು ಸಾಕಾಗಿ ಬರ್ತೇನಿ," ಎಂದಳು.

ನಾಗರತ್ನಾ ಆಕೆಯ ಸೊಸೆ, ನಮ್ಮ ಸಂಘದವಳೇ. ಓಣಿಯವರೆಲ್ಲ ಬಂಗಾರದಂಥ ಸೊಸೆ ಎನ್ನುತ್ತಾರೆ, ಅದು ಸುಳ್ಳಲ್ಲ. ಅತ್ತೆಗೆ ಹೊಗೆ ಆಗದು ಎಂದು ಒಲೆ ಬಿಡಿಸಿದಳು. ಭುಜಕ್ಕೆ ಆಗದು ಎಂದು ಕೊಡ ಬಿಡಿಸಿದಳು. ಉಪ್ಪು ಹೆಚ್ಚಾದೀತು ಎಂದು ಉಪ್ಪಿನ ಡಬ್ಬಿಯನ್ನೂ ಮೇಲಿನ ಹಲಗೆಗೆ ಏರಿಸಿದಳು. ಮನೆಯಲ್ಲಿ ಶಿವಬಸವ್ವ ಮುಟ್ಟಲು ಉಳಿದದ್ದು ಟಿವಿಯ ರಿಮೋಟು ಒಂದೇ, ಅದನ್ನು ಮೊಮ್ಮಗ ಬಿಡುವುದಿಲ್ಲ.

ಹೀಗಿರುವಾಗ ನಮ್ಮ ಹಳೆಯ ಅಧ್ಯಕ್ಷರು ಹೆಬ್ಬಳ್ಳಿಯ ಮಗಳ ಮನೆಗೆ ಹೋಗಿ ಅಲ್ಲಿಯೇ ಉಳಿದರು. ಹೊಸ ಅಧ್ಯಕ್ಷರನ್ನು ಆರಿಸಬೇಕಾಯಿತು. ನಿಂತವರು ಇಬ್ಬರು: ಒಬ್ಬಳು ನಾಗರತ್ನಾ, ಇನ್ನೊಬ್ಬಳು ಮೌಲಾಬಿ. ಚುನಾವಣಾಧಿಕಾರಿ ಯಾರಾಗಬೇಕು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಒಮ್ಮೆಲೇ ನನ್ನ ಕಡೆ ತಿರುಗಿದರು. "ಪಾಪ, ಓಟಿನ ಆಸಿ ಭಾಳ ಐತಿ ಅವಗ," ಎಂದಳು ರುಕ್ಸಾನಾ.

ನಾಗರತ್ನಾ ಪಿಯುಸಿ ಪಾಸಾದವಳು. ಒಂದು ಬಿಳಿ ಹಾಳೆಯ ಮೇಲೆ ಹಸಿರು ಸ್ಕೆಚ್ ಪೆನ್ನಿನಲ್ಲಿ ಭರವಸೆಗಳನ್ನು ಬರೆದು ಗೋಡೆಗೆ ಅಂಟಿಸಿದಳು. ಎಲ್ಲರಿಗೂ ಏಪ್ರನ್. ತಿಂಗಳಿಗೊಮ್ಮೆ ಡಾಕ್ಟರ್ ತಪಾಸಣೆ. ಐವತ್ತೈದು ದಾಟಿದವರಿಗೆ ಒಲೆಯ ಕೆಲಸ ಬಿಡಿಸಿ, ಅದೇ ಪಗಾರದಲ್ಲಿ ಪ್ಯಾಕಿಂಗು. ಇದನ್ನು ಓದಿ ಹೇಳಿದಾಗ ಇಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಅತ್ತಿ ಮ್ಯಾಲ ಎಷ್ಟ ಪ್ರೀತಿ ನೋಡ್ರಿ!"

ಶಿವಬಸವ್ವ ಹಿಟ್ಟು ನಾದುತ್ತಲೇ ಇದ್ದಳು. ಆ ಹಿಟ್ಟಿಗೆ ಅಷ್ಟು ನಾದುವುದು ಬೇಕಿರಲಿಲ್ಲ.

ಮೌಲಾಬಿ ಏನನ್ನೂ ಅಂಟಿಸಲಿಲ್ಲ. "ಈಗ ಹೆಂಗ ನಡದೈತಿ ಹಂಗ ನಡಸ್ತೇನ್ರೆವ್ವಾ. ಗ್ಯಾಸ್ ತಡಾ ಆದ್ರ ಫೋನ್ ಹಚ್ಚಿ ಬೈತೇನಿ," ಎಂದಳು. ಆಕೆಯ ದನಿಗೆ ಫೋನಿನ ಅಗತ್ಯವೂ ಇರಲಿಲ್ಲ.

ಮುಂದಿನ ಹದಿನೈದು ದಿನ ರೊಟ್ಟಿ ಬಡಿಯುವ ಸಪ್ಪಳದ ನಡುವೆ ನಡೆದ ಚರ್ಚೆಯ ಮುಂದೆ ನನ್ನ ಚಹಾದಂಗಡಿಯ ಭಾಷಣ ಏನೂ ಅಲ್ಲ.

"ನಾಗರತ್ನಾ ಕಲತಾಕಿ. ಬ್ಯಾಂಕಿನಾಗ ಇಂಗ್ಲೀಷ್ ಸಹಿ ಮಾಡ್ತಾಳ," ಎಂದಳು ಶೇವಂತೆವ್ವ. ಆಕೆ ಮೊದಲ ದಿನದಿಂದಲೂ ನಾಗರತ್ನಾಳ ಕಡೆ.

"ಸಹಿ ತಗೊಂಡು ಏನ ಮಾಡ್ತಿ? ಆಕಿ ಚಾ ಕುಡಿಯಂಗಿಲ್ಲ," ಎಂದಳು ರುಕ್ಸಾನಾ.

"ಕುಡೀದಿದ್ರ ಏನಾತು?"

"ಚಾ ಕುಡೀದಾಕಿ ಅಧ್ಯಕ್ಷಳಾದ್ರ ನಮ್ಮ ನಾಕ ಗಂಟಿ ಚಾ ಹೋತು ಅಂತ ತಿಳ್ಕೊ."

ಈ ಮಾತಿಗೆ ಮೂರು ಒಲೆಗಳ ಸಪ್ಪಳ ನಿಂತಿತು. ನನ್ನ ಲೆಕ್ಕದಲ್ಲಿ ನಾಗರತ್ನಾಳ ಎರಡು ಓಟು ಕೈತಪ್ಪಿದ್ದು ಅಲ್ಲಿಯೇ.

"ಮೌಲಾಬಿ ಭಾಳ ನಗ್ತಾಳ. ಅಧ್ಯಕ್ಷರು ಅಷ್ಟ ನಗಬಾರದು. ಫೋಟೋದಾಗ ಹಲ್ಲ ಅಷ್ಟ ಕಾಣ್ತಾವ," ಎಂದಳು ಶೇವಂತೆವ್ವ.

"ನನ್ನ ಹಲ್ಲ ನನ್ನವ ಅದಾವ. ನಿನ್ನಂಗ ಕಟ್ಟಿಸಿದ್ದಲ್ಲ!" ಎಂದು ಮೌಲಾಬಿ ನಕ್ಕಳು. ಶೇವಂತೆವ್ವನೂ ತನ್ನ ಕಟ್ಟಿಸಿದ ಹಲ್ಲು ತೋರಿಸಿ ನಕ್ಕಳು.

ಯಾರೋ ಶಿವಬಸವ್ವನಿಗೆ ಹೇಳಿದರು: "ನಿಂದು ಯಾರ ಕಡೆ ಅಂತ ಕೇಳೂದ ಬ್ಯಾಡ ಬಿಡು."

"ಹೌದಲ್ಲ, ಕೇಳಬ್ಯಾಡ್ರಿ," ಎಂದು ಆಕೆ ರೊಟ್ಟಿ ತಿರುವಿ ಹಾಕಿದಳು.

ಓಟು ಗುಪ್ತವಾಗಿರಬೇಕು ಎಂದು ಸಂಘದ ನಿಯಮ. ಚೀಟಿ ಬರೆಸಿದರೆ ನನಗೆ ಅಕ್ಷರದ ಗುರುತು ಸಿಗುತ್ತದೆ ಎಂದು ರುಕ್ಸಾನಾ ತಕರಾರು ತೆಗೆದಳು. ಆಗ ನನಗೊಂದು ಯೋಚನೆ ಬಂತು. ಇಂಥ ಯೋಚನೆ ನನಗೆ ವರ್ಷಕ್ಕೊಂದು ಬರುತ್ತದೆ, ಹಿಂದಿನ ವರ್ಷದ್ದು ನೀವು ಮೇಲೆ ಓದಿದಿರಿ.

"ರೊಟ್ಟಿ ಹಾಕ್ರಿ!" ಎಂದೆ. "ಎರಡು ಬುಟ್ಟಿ ಇಡ್ತೇನಿ. ಒಬ್ಬೊಬ್ಬರು ಒಂದೊಂದು ರೊಟ್ಟಿ ಮಾಡಿ, ಸೆರಗಿನಾಗ ಮುಚ್ಚಿಕೊಂಡು ಪ್ಯಾಕಿಂಗ್ ಖೋಲಿಗೆ ಹೋಗಿ, ಬೇಕಾದ ಬುಟ್ಟ್ಯಾಗ ಹಾಕಿ ಬರ್ರಿ. ರೊಟ್ಟಿ ಮ್ಯಾಲ ಹೆಸರಿಲ್ಲ, ಅಕ್ಷರ ಇಲ್ಲ. ಯಾರದು ಅಂತ ದೇವರಿಗೂ ಗೊತ್ತಾಗಂಗಿಲ್ಲ!"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರುಕ್ಸಾನಾ ಬಾಯಿಗೆ ಸೆರಗು ಒತ್ತಿಕೊಂಡಳು. ಯಾರೊಬ್ಬರೂ ವಿರೋಧಿಸಲಿಲ್ಲ. ಅದನ್ನು ನಾನು ಮೆಚ್ಚುಗೆ ಎಂದು ತಿಳಿದೆ.

ಚುನಾವಣೆಯ ದಿನ ಬೆಳಿಗ್ಗೆ ಶಿವಬಸವ್ವ ಕಟ್ಟೆಯ ಮೇಲೆ ಕೂತೇ ಕೇಳಿದಳು: "ತಮ್ಮಾ, ರೊಟ್ಟಿ ನೋಡಿದ್ರ ಯಾರದು ಅಂತ ನಿನಗ ಗೊತ್ತಾಗಂಗಿಲ್ಲೇನು?"

"ಇಲ್ರಿ ಆಯಿ. ಎಲ್ಲಾ ಒಂದ ನಮೂನಿ ಇರ್ತಾವಲ್ರಿ."

"ಮೂರ ವರ್ಷ ಆತು ನೀ ಇಲ್ಲಿ ಬಂದು," ಎಂದಳು. ಆಮೇಲೆ ದನಿ ತಗ್ಗಿಸಿ, "ಒಲಿ ಬಿಡಿಸಿದ್ರ ನಾ ಏನು ಮಾಡ್ಲಿ? ಲೇಬಲ್ ಅಂಟಿಸ್ಲೇನು?" ಎಂದು ಕೇಳಿದಳು.

ಲೇಬಲ್ ಅಂಟಿಸುವುದು ನನ್ನ ಕೆಲಸ. ಒಳಗೆ ಹೋದವನೇ ಲೇಬಲ್ಲಿನ ಕಟ್ಟನ್ನು ನನ್ನ ಮೇಜಿಗೆ ಎತ್ತಿಟ್ಟುಕೊಂಡೆ.

ಹನ್ನೊಂದಕ್ಕೆ ಮತದಾನ ಮುಗಿಯಿತು. ಎರಡೂ ಬುಟ್ಟಿಗಳನ್ನು ತಂದು ನಡುವೆ ಇಟ್ಟೆ. ಎಲ್ಲರೂ ಸುತ್ತ ಕುಳಿತರು. ಮೌಲಾಬಿಯ ಬುಟ್ಟಿಯ ಮೇಲಿನ ಬಟ್ಟೆ ತೆಗೆದು, ಮೊದಲನೆಯ ರೊಟ್ಟಿ ಎತ್ತಿ ಹಿಡಿದು, ಅಧಿಕಾರಿಯ ಗತ್ತಿನಲ್ಲಿ ಕೂಗಿದೆ: "ಮೌಲಾಬಿಯವರಿಗೆ ಒಂದು!"

"ರುಕ್ಸಾನಾಂದು," ಎಂದರು ನಾಲ್ಕು ಜನ ಒಟ್ಟಿಗೆ.

ನಾನು ತಡವರಿಸಿ ಇನ್ನೊಂದು ಎತ್ತಿದೆ.

"ಅದು ಮೌಲಾಬೀದ ಸ್ವಂತದ್ದು. ನಡುವ ಉಬ್ಬೈತಿ ನೋಡ್ರಿ, ಅಕಿ ಹೊಟ್ಟಿ ಇದ್ದಂಗ!"

"ಅದು ಗಿರಿಯಪ್ಪನ ಹೇಣ್ತೀದು. ಯಾವಾಗ್ಲೂ ಒಂದ ಬಾಜು ಸುಡ್ತಾಳ."

ಒಂದೊಂದು ರೊಟ್ಟಿಗೂ ಹೆಸರು ಬಿತ್ತು. ನೀರು ಸವರಿದ ಗುರುತು, ಬೆರಳಿನ ಒತ್ತು, ಚುಕ್ಕೆ ಎದ್ದ ರೀತಿ, ಇಷ್ಟೇ ಸಾಕು. ನನ್ನ ಗುಪ್ತ ಮತದಾನದಲ್ಲಿ ಏನೂ ಗೊತ್ತಾಗದೆ ಉಳಿದವನು ನಾನೊಬ್ಬನೇ. ಯಾರು ಯಾರಿಗೆ ಹಾಕಿದರು ಎಂದು ನೋಡಲಿಕ್ಕೇ ಇವರೆಲ್ಲ ಒಪ್ಪಿದ್ದು ಎಂಬುದು ಆಗ ಹೊಳೆಯಿತು.

ಮೌಲಾಬಿಗೆ ಒಂಬತ್ತು. ನಾಗರತ್ನಾಳಿಗೆ ಎಂಟು. ಒಂದೇ ರೊಟ್ಟಿಯ ಅಂತರ.

ಚಪ್ಪಾಳೆ ಬೀಳುವ ಮೊದಲೇ ರುಕ್ಸಾನಾ ಕೂಗಿದಳು: "ತಡೀರಿ! ಶೇವಂತೆವ್ವಂದು ಎರಡೂ ಬುಟ್ಟ್ಯಾಗ ಐತಿ!"

ಶೇವಂತೆವ್ವನ ಬಲಗೈ ಹೆಬ್ಬೆರಳು ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕು ಸೊಟ್ಟಗಾಗಿತ್ತು. ಆಕೆಯ ರೊಟ್ಟಿ ದಪ್ಪ, ಅಂಚಿನ ಬಳಿ ಆ ಸೊಟ್ಟ ಬೆರಳಿನ ಗುಣಿ. ಅಂಥ ದಪ್ಪ ರೊಟ್ಟಿ, ಅಂಥದೇ ಗುಣಿ, ಎರಡೂ ಬುಟ್ಟಿಗಳಲ್ಲಿ ಒಂದೊಂದಿತ್ತು.

"ಎರಡೂ ಕಡೆ ಕಾಲಿಟ್ಟಿಯೇನ ಯವ್ವಾ!" ಎಂದು ಯಾರೋ ಚುಚ್ಚಿದರು.

ಶೇವಂತೆವ್ವ ಕೆಂಡವಾದಳು. ಎರಡೂ ರೊಟ್ಟಿ ಕಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ನಾಗರತ್ನಾಳ ಬುಟ್ಟಿಯದನ್ನು ಎದೆಗೆ ಒತ್ತಿಕೊಂಡು, "ಇದು ನಂದು!" ಎಂದಳು. ಇನ್ನೊಂದನ್ನು ಎಲ್ಲರ ಮುಂದೆ ತಿರುಗಿಸಿದಳು. "ಇದರ ಅಂಚ ನೋಡ್ರಿ. ಒಂದರ ಸೀಳ ಐತೇನು? ನಲವತ್ತ ವರ್ಷ ಆತು ನಾ ರೊಟ್ಟಿ ಬಡ್ಯಾಕತ್ತು. ಅಂಚ ಒಡೀಲಾರದ ಒಂದ ರೊಟ್ಟಿ ಮಾಡಿದ್ರ ತೋರಸ್ರಿ! ನನ್ನಂಥಾ ಕೆಟ್ಟ ರೊಟ್ಟಿ ಮಾಡೂದು ಯಾರಿಗೂ ಸಾಧ್ಯಿಲ್ಲ!"

ಇಷ್ಟು ಅಭಿಮಾನದಿಂದ ಯಾರಾದರೂ ತಮ್ಮ ಕೆಲಸದ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

"ಮತ್ತ ಇದು ಯಾರದು?" ಎಂದಳು ಮೌಲಾಬಿ.

ಎಲ್ಲರೂ ಬುಟ್ಟಿಗಳ ಕಡೆ ನೋಡಿದರು. ಹದಿನಾರು ರೊಟ್ಟಿಗಳಿಗೆ ಹೆಸರು ಸಿಕ್ಕಿತ್ತು. ಬಸ್ಸು ಕಾಣುವಂಥ ತೆಳು ರೊಟ್ಟಿ ಯಾವ ಬುಟ್ಟಿಯಲ್ಲೂ ಇರಲಿಲ್ಲ. ನನಗೂ ಗೊತ್ತಾಯಿತು ಎಂದ ಮೇಲೆ ಉಳಿದವರಿಗೆ ಗೊತ್ತಾಗದೆ ಇರುತ್ತದೆಯೇ?

ಶಿವಬಸವ್ವ ಗೋಡೆಗೆ ಒರಗಿ ಕೂತಿದ್ದಳು. ದಪ್ಪ ಬಡಿದಿದ್ದಳು, ಹೆಬ್ಬೆರಳು ಸೊಟ್ಟ ಮಾಡಿ ಗುಣಿ ಒತ್ತಿದ್ದಳು. ಅಂಚನ್ನು ಒಡೆಯಲು ಮಾತ್ರ ಆಕೆಯ ಕೈ ಕೇಳಿರಲಿಲ್ಲ.

ಸೋತದ್ದಕ್ಕೆ ಬಾಡದ ನಾಗರತ್ನಾಳ ಮುಖ ಈಗ ಬಾಡಿತು. ನಾನು ಮತ್ತೊಮ್ಮೆ ಎಣಿಸುವವನ ಹಾಗೆ ಬುಟ್ಟಿಯೊಳಗೆ ಕೈ ಹಾಕಿ ತಲೆ ತಗ್ಗಿಸಿದೆ. ನಾಗರತ್ನಾ ಎದ್ದು ಅತ್ತೆಯ ಎದುರು ಹೋಗಿ ಕುಳಿತಳು.

"ಅತ್ತಿ, ನಿಮ್ಮ ಭುಜ ನೋವ ಆಗಬಾರದಂತ ನಾ ಇಷ್ಟ ಮಾಡಿದ್ರ, ನನಗ ಯಾಕ ಓಟ ಹಾಕಲಿಲ್ರಿ?"

ಶಿವಬಸವ್ವ ಸೊಸೆಯ ತಲೆ ಸವರಿದಳು. ಆಮೇಲೆ ಭುಜ ತಿಕ್ಕಿಕೊಳ್ಳುತ್ತ ಎದ್ದು ಕಿಟಕಿಯ ಪಕ್ಕದ ತನ್ನ ಒಲೆಯ ಮುಂದೆ ಕೂತು, ಗ್ಯಾಸ್ ಹಚ್ಚಿ ಹೇಳಿದಳು:

"ಮನ್ಯಾಗ ನೀ ಅಧ್ಯಕ್ಷಳಾದಾಗ ಯಾರೂ ನನ್ನ ಓಟ ಕೇಳಲಿಲ್ಲ. ಇಲ್ಲಿ ಕೇಳಿದಿ. ಕೊಡಲಿಲ್ಲ."