ಟೆಕ್ಸಾಸಿನಿಂದ ತಂದ ಒಂದು ನಿಮಿಷ

ರಾಷ್ಟ್ರಗೀತೆ ಎಲ್ಲೇ ಕೇಳಿಸಲಿ, ನನ್ನ ಎರಡೂ ಕಾಲು ತಾವಾಗಿಯೇ ಕೂಡಿಕೊಳ್ಳುತ್ತವೆ. ಇದು ದೇಶಭಕ್ತಿಯೋ, ಇಪ್ಪತ್ತೆಂಟು ವರ್ಷ ಪಿ.ಟಿ. ಮಾಸ್ತರಿಕೆ ಮಾಡಿ ಅಂಟಿಕೊಂಡ ಚಟವೋ ನನಗೂ ತಿಳಿಯದು. ಹೋದ ವರ್ಷ ಬಚ್ಚಲಲ್ಲಿ ಕೂತು ತಲೆಗೆ ಸೋಪು ಹಚ್ಚಿಕೊಂಡಿದ್ದೆ. ಪಕ್ಕದ ಮನೆಯ ಟಿವಿಯಲ್ಲಿ ಕ್ರಿಕೆಟ್ ಪಂದ್ಯ. ಆಟಕ್ಕೆ ಮುಂಚಿನ ರಾಷ್ಟ್ರಗೀತೆ ಶುರುವಾಯಿತು. ಎದ್ದು ಸಾವಧಾನದಲ್ಲಿ ನಿಂತೆ. ಸೋಪು ಕಣ್ಣಿಗಿಳಿಯಿತು, ಕೈ ಎತ್ತುವಂತಿಲ್ಲ. ಹೊರಗಿನಿಂದ ಹೆಂಡತಿ, "ಏನ್ರೀ, ನೀರಿನ ಸಪ್ಪಳಾನ ಇಲ್ಲ! ಎಲ್ಲಾ ಬರೋಬರಿ ಐತಿಲ್ಲೋ?" ಎಂದು ಬಾಗಿಲು ಬಡಿದಳು. ಮಾತಾಡುವಂತೆಯೂ ಇಲ್ಲ. ಗೀತೆ ಮುಗಿದು ನಾನು ಬಾಯಿ ಬಿಡುವಷ್ಟರಲ್ಲಿ ಆಕೆ ಪಕ್ಕದ ಮನೆಯವರನ್ನೂ ಕರೆದು ಬಾಗಿಲ ಮುಂದೆ ನಿಲ್ಲಿಸಿದ್ದಳು. ಅಂದಿನಿಂದ ನಮ್ಮ ಓಣಿಯಲ್ಲಿ ನನ್ನ ದೇಶಭಕ್ತಿಯ ಬಗ್ಗೆ ಯಾರಿಗೂ ಸಂಶಯವಿಲ್ಲ, ಬುದ್ಧಿಯ ಬಗ್ಗೆ ಸ್ವಲ್ಪ ಇದೆ.

ನನ್ನ ಮನೆ ಬಸವನ ಬಾಗೇವಾಡಿಯಲ್ಲಿ, ನೌಕರಿ ಮಸೂತಿ ಎಂಬ ಊರಿನಾಚೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ. ಗಣಿತದ ಮಾಸ್ತರನ ಕೆಲಸ ತಲೆಯೊಳಗೆ ನಡೆಯುತ್ತದೆ, ಯಾರಿಗೂ ಕಾಣುವುದಿಲ್ಲ. ನನ್ನದು ಬಟಾಬಯಲಲ್ಲಿ. ದಿನಾ ಬೆಳಿಗ್ಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಬೇಕು, ಪ್ರಾರ್ಥನೆ, ನಾಡಗೀತೆ, ರಾಷ್ಟ್ರಗೀತೆ ಮೂರನ್ನೂ ಸಾಂಗವಾಗಿ ಮುಗಿಸಬೇಕು, ತಡವಾಗಿ ಬಂದವರನ್ನು ಮೈದಾನ ಸುತ್ತಿಸಬೇಕು. ದೇವರು, ನಾಡು, ದೇಶ ಮೂವರೂ ನನ್ನ ಸೀಟಿಯ ಸುಪರ್ದಿಯಲ್ಲಿದ್ದಾರೆಂದು ಒಳಗೊಳಗೇ ಒಂದು ಜಂಬವೂ ಇತ್ತು.

ಮೂರು ವರ್ಷದ ಹಿಂದೆ ಈ ಜಂಬಕ್ಕೆ ಅಮೆರಿಕದ ಮುದ್ರೆಯೂ ಬಿತ್ತು. ಒಂದು ಸೇವಾ ಸಂಸ್ಥೆ ಹಳ್ಳಿಯ ಶಿಕ್ಷಕರನ್ನು ಆರು ವಾರ ಅಲ್ಲಿಗೆ ಕಳಿಸುವ ಯೋಜನೆ ಮಾಡಿತ್ತು. ಆಯ್ಕೆಯಾಗಿದ್ದವರು ನಮ್ಮ ಸಮಾಜವಿಜ್ಞಾನದ ಮಾಸ್ತರು. ಅವರಿಗೆ ವಿಮಾನವೆಂದರೆ ಭಯ. ನನಗೆ ಭಯವೆಂದರೇನೆಂದು ಯೋಚಿಸುವಷ್ಟು ಪುರಸೊತ್ತು ಕೊಡದೆ ಕಳಿಸಿಬಿಟ್ಟರು. ಇಳಿದದ್ದು ಟೆಕ್ಸಾಸಿನ ಒಂದು ಸಣ್ಣ ಊರಿಗೆ, ಲಿಂಡಾ ಎಂಬ ಇತಿಹಾಸದ ಶಿಕ್ಷಕಿಯ ಮನೆಗೆ. ಬಯಲು, ಬಿಸಿಲು, ಹತ್ತಿಯ ಹೊಲ. ಸಿಂದಗಿ ರಸ್ತೆಯಲ್ಲಿ ನಿಂತು ಕಣ್ಣು ಅರ್ಧ ಮುಚ್ಚಿದರೆ ಅದೇ ಊರು.

ಬೇರೆಯಾಗಿದ್ದದ್ದು ಬಾವುಟ. ನಮ್ಮಲ್ಲಿ ಬಾವುಟ ವರ್ಷಕ್ಕೆ ಕೆಲವೇ ದಿನ ಪೆಟ್ಟಿಗೆಯಿಂದ ಹೊರಬರುತ್ತದೆ, ಹೂವಿನ ಪಕಳೆ ಹೊಟ್ಟೆಯಲ್ಲಿಟ್ಟುಕೊಂಡು ಮೇಲೇರುತ್ತದೆ. ಅಲ್ಲಿ ಮನೆಮನೆಯ ಕಟ್ಟೆಯ ಮೇಲೆ, ಅಂಗಿಯ ಮೇಲೆ, ಟೊಪ್ಪಿಗೆಯ ಮೇಲೆ, ಟ್ರ್ಯಾಕ್ಟರಿನ ಮೇಲೆ ಬಾವುಟ. ಒಂದು ಭಾನುವಾರ ಊರವರೆಲ್ಲ ಸೇರಿದ್ದ ಊಟದಲ್ಲಿ ನನ್ನ ಕೈಗೆ ಕೊಟ್ಟ ಕಾಗದದ ತಟ್ಟೆಯ ಮೇಲೂ, ಬಾಯಿ ಒರೆಸುವ ಕಾಗದದ ಮೇಲೂ ಅದೇ ನಕ್ಷತ್ರ, ಅದೇ ಪಟ್ಟೆ. ಜನ ಆರಾಮವಾಗಿ ಬಾಯಿ ಒರೆಸಿ ಕಸದ ಡಬ್ಬಿಗೆ ಎಸೆಯುತ್ತಿದ್ದರು. ನನ್ನ ಜೀವ ಒದ್ದಾಡಿತು. ಆಗಸ್ಟ್ ಹದಿನೈದರ ಸಂಜೆ ನಾನು ಮಕ್ಕಳನ್ನು ಕರೆದುಕೊಂಡು ಊರೆಲ್ಲ ಸುತ್ತಿ ಕೆಳಗೆ ಬಿದ್ದ ಕಾಗದದ ಧ್ವಜಗಳನ್ನು ಆರಿಸುವವನು. ಕೈ ಕೇಳಲಿಲ್ಲ. ಡಬ್ಬಿಯಿಂದ ಒಂದೊಂದೇ ತೆಗೆದು, ಒರೆಸಿ, ಮಡಚಿ ಇಡತೊಡಗಿದೆ. ನೋಡಿದವರು ನನ್ನನ್ನು ಸ್ವಚ್ಛತಾ ಸೇವಕನೆಂದು ತಿಳಿದು ತಮ್ಮ ತಟ್ಟೆಗಳನ್ನೂ ಕೈಗೆ ಕೊಟ್ಟು, ಬೆನ್ನು ತಟ್ಟಿ ಹೋದರು. ಮುದುಕರೊಬ್ಬರಂತೂ ಟೊಪ್ಪಿಗೆ ತೆಗೆದು ಧನ್ಯವಾದ ಹೇಳಿದರು. ಮೂರು ಚೀಲ ತುಂಬಿದವು. ಮರುದಿನ ಲಿಂಡಾ ಅವನ್ನು ನನಗೆ ಕಾಣದಂತೆ ಎಲ್ಲಿಗೋ ಸಾಗಿಸಿದರು. ಎಲ್ಲಿಗೆಂದು ನಾನೂ ಕೇಳಲಿಲ್ಲ.

ಅಲ್ಲಿಯವರಿಗೆ ದೇಶದ ಮೇಲೆ ಇಷ್ಟು ಅಭಿಮಾನವಾದರೆ, ತಮ್ಮ ರಾಜ್ಯದ ಮೇಲಿನದ್ದು ಅದಕ್ಕಿಂತ ಒಂದು ತೂಕ ಹೆಚ್ಚು. ತಂಗಿದ್ದ ಒಂದು ಹೋಟೆಲಿನಲ್ಲಿ ಬೆಳಗಿನ ತಿಂಡಿಯನ್ನೂ ಟೆಕ್ಸಾಸಿನ ನಕ್ಷೆಯ ಆಕಾರದಲ್ಲೇ ಬೇಯಿಸಿ ಕೊಟ್ಟರು. ಊರಿಗೆ ಬಂದು ಹೆಂಡತಿಗೆ ಹೇಳಿದೆ, ನೀನೂ ಕರ್ನಾಟಕದ ಆಕಾರದಲ್ಲಿ ಒಂದು ಜೋಳದ ರೊಟ್ಟಿ ಬಡಿ ಎಂದು. ಪ್ರಯತ್ನವನ್ನೇನೋ ಮಾಡಿದಳು. ಮೇಲೆ ಚಾಚಿಕೊಂಡ ಬೀದರ ಮೊದಲೇ ಸುಟ್ಟು ಕರಿಯಾಯಿತು, ಬೆಂಗಳೂರು ಬೇಯಲೇ ಇಲ್ಲ. "ನಿಮ್ಮ ನಕಾಶಿ ನೀವಾ ತಿನ್ರಿ" ಎಂದು ತನ್ನ ದುಂಡು ರೊಟ್ಟಿಗೆ ಹೊರಳಿದಳು. ನಾಡಿನ ಅಭಿಮಾನ ನಮಗೇನು ಕಡಿಮೆಯೇ? ಸೊಲ್ಲಾಪುರಕ್ಕೆ ಹೋದರೆ ನಮ್ಮನ್ನು ಕನ್ನಡದವರೆನ್ನುತ್ತಾರೆ, ಬೆಂಗಳೂರಿಗೆ ಹೋದರೆ ಮಾತು ಕೇಳಿ ಮಹಾರಾಷ್ಟ್ರದವರೇ ಎನ್ನುತ್ತಾರೆ. ಗಡಿಯ ಇಂಡಿ ತಾಲೂಕಿನಲ್ಲಿ ಹುಟ್ಟಿದ ನಾನು ಎರಡೂ ಕಡೆ ಜಗಳಾಡಿದ್ದೇನೆ. ಹೀಗೆ ಎರಡು ಕಡೆ ರುಜುವಾತು ಕೊಡಬೇಕಾದವನ ಅಭಿಮಾನ ಸ್ವಲ್ಪ ಗಟ್ಟಿ ದನಿಯದ್ದಾಗಿರುತ್ತದೆ, ನೀವು ಕ್ಷಮಿಸಬೇಕು.

ಆದರೆ ನನ್ನನ್ನು ನಿಜವಾಗಿ ಮರುಳು ಮಾಡಿದ್ದು ಅಲ್ಲಿಯ ಶಾಲೆಯ ಬೆಳಗು. ಮಕ್ಕಳು ಎದೆಯ ಮೇಲೆ ಕೈಯಿಟ್ಟು ಮೊದಲು ದೇಶದ ಬಾವುಟಕ್ಕೆ, ಆಮೇಲೆ ರಾಜ್ಯದ ಬಾವುಟಕ್ಕೆ ಪ್ರತಿಜ್ಞೆ ಹೇಳುತ್ತಾರೆ. ನಿಲ್ಲುವ ಭಂಗಿ ಮಾತ್ರ ಕೇಳಬೇಡಿ. ಒಂದು ಕಾಲು ಸೊಟ್ಟ, ಬಾಯಲ್ಲಿ ಚೂಯಿಂಗ್ ಗಮ್. ಸೀಟಿಗೆಂದು ಜೇಬು ಎಷ್ಟು ಸಲ ತಡಕಿದೆನೋ. ಆದರೆ ಪ್ರತಿಜ್ಞೆ ಮುಗಿದ ಮೇಲೆ ಒಂದು ನಿಮಿಷ ಇಡೀ ಶಾಲೆ ಮೌನವಾಗುತ್ತದೆ. ಯಾರೂ ಗದರಿಸುವುದಿಲ್ಲ. ಎಂಥ ಭಕ್ತಿ ಎಂದುಕೊಂಡೆ. ಊರಿಗೆ ಬಂದು ಮೂರು ವರ್ಷ ಸಿಕ್ಕಸಿಕ್ಕವರಿಗೆಲ್ಲ ಈ ಭಕ್ತಿಯ ಪುರಾಣ ಹೇಳಿದೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಉಳಿಯತೊಡಗಿದ್ದು ಆಗಿನಿಂದಲೇ.

ಈ ವರ್ಷ ಶಾಲೆ ಶುರುವಾದ ಕೆಲ ದಿನಕ್ಕೆ ಒಂಬತ್ತನೆಯ ತರಗತಿಯ ಸುಜಾತಾ ತಡವಾಗಿ ಬರತೊಡಗಿದಳು. ಮೈಕಿನ ಮುಂದೆ ನಿಂತು ಮೂರೂ ಹಾಡು ಹೇಳಿಸುತ್ತಿದ್ದವಳು ಅವಳೇ. ಕರೆಂಟು ಹೋದರೂ ಕೊನೆಯ ಸಾಲಿಗೆ ಮುಟ್ಟುವ ದನಿ. ಈಗ ಹೊಸ ಪ್ರಾರ್ಥನೆಯ ಜೊತೆಗೆ ಬೇರೊಬ್ಬಳು ಮೈಕಿಗೆ ಬಂದಿದ್ದಳು. ಪಾಳಿ ಬದಲಾಗಿರಬೇಕು ಎಂದುಕೊಂಡು ಸುಮ್ಮನಾದೆ. ಸುಜಾತಾ ಸರಿಯಾಗಿ ರಾಷ್ಟ್ರಗೀತೆ ಮುಗಿದ ಮೇಲೆ ಗೇಟಿಗೆ ಬರುತ್ತಿದ್ದಳು. ನಿಯಮ ನಿಯಮವೇ. ಮೈದಾನದ ಎರಡು ಸುತ್ತು. ಚೀಲ ಇಳಿಸಿ, ಓಡಿ, ಕ್ಲಾಸಿಗೆ ಹೋಗುತ್ತಿದ್ದಳು. ಹೀಗೆ ಆರು ದಿನ ಓಡಿಸಿದೆ. ಎಷ್ಟು ಶಿಸ್ತಿನ ಹುಡುಗಿ, ತಡವಾಗಿ ಬರುವುದರಲ್ಲೂ ಟೈಮು ತಪ್ಪುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ನಗೆಚಾಟಿಕೆಯನ್ನೂ ಮಾಡಿದೆ.

ಏಳನೆಯ ದಿನ ಅವಳ ಅಪ್ಪ ಅರ್ಜುನ ಬಂದರು. ಗೌಂಡಿ ಕೆಲಸದವರು, ನಮ್ಮ ಶಾಲೆಯ ಕಂಪೌಂಡು ಗೋಡೆ ಕಟ್ಟಿದವರೂ ಅವರೇ. ಕೈಗೆ ಸಿಮೆಂಟು ಮೆತ್ತಿಕೊಂಡೇ ಗೇಟಿನ ಹೊರಗೆ ನಿಂತು ಹೇಳಿದರು: "ಸರ್, ನಮ್ಮದು ಬೌದ್ಧರ ಮನಿರಿ. ಹಿಂದಿನ ಪ್ರಾರ್ಥನಿ ಎಲ್ಲಾರದೂ ಇತ್ತು, ಹಾಡತಿದ್ಲು. ಸಾಲಿ ಕಮಿಟಿಯೋರು ಮೀಟಿಂಗ್ ಮಾಡಿ ಈ ಸಲ ದೇವರ ಹೆಸರಿಂದು ಹೊಸಾದು ಹಚ್ಯಾರ. ಅದೊಂದು ಒಲ್ಲೆ, ನಾಡಗೀತಿ ರಾಷ್ಟ್ರಗೀತಿ ಹಾಡ್ತೇನಿ ಅಂದ್ಲು. ಮೂರೂ ಹಾಡು, ಇಲ್ಲಂದ್ರ ಮೈಕ್ ಬಿಡು ಅಂದ್ರಂತ. ಬಿಟ್ಲು. ಸಾಲಾಗ ನಿಂತು ಬಾಯಿ ಮುಚ್ಚಿದ್ರ ಎಲ್ಲಾರೂ ನೋಡ್ತಾರ, ಅದಕ್ಕ ಓಡೂದಾ ಚಲೋ ಅಂತಾಳ. ಸಾಲಿ ಕಲಿಯೂದಾ ಬಿಡತೇನಿ ಅನ್ನಾಕತ್ಯಾಳ್ರಿ ಈಗ."

ಕಮಿಟಿಯ ಆ ಮೀಟಿಂಗಿನ ದಿನ ನಾನು ಕ್ರೀಡಾಕೂಟದ ಕೆಲಸಕ್ಕೆಂದು ತಾಲೂಕು ಕಚೇರಿಗೆ ಹೋಗಿದ್ದೆ. ಹಾಗೆಂದು ಅರ್ಜುನರಿಗೆ ಹೇಳಿದೆ. ಹೇಳುವಾಗಲೇ ಅದು ಎಷ್ಟು ಸಣ್ಣ ಮಾತು ಎನ್ನಿಸಿತು. ಆರು ದಿನ ಗೇಟಿನಲ್ಲಿ ನಿಂತಿದ್ದೆನಲ್ಲ, ಯಾಕಮ್ಮ ಎಂದು ಒಂದು ಸಲ ಕೇಳಲಿಲ್ಲ. ನಾಚಿಕೆಯಾಯಿತು, ತುಂಬ ನಾಚಿಕೆಯಾಯಿತು.

ಆಗ ನೆನಪಾದದ್ದೇ ಟೆಕ್ಸಾಸಿನ ಒಂದು ನಿಮಿಷ. ಪ್ರಾರ್ಥನೆಯ ಬದಲು ಅದನ್ನೇ ತಂದರೆ? ಕಮಿಟಿಯ ಮುಂದೆ ಅಮೆರಿಕದ ಭಕ್ತಿಯನ್ನು ಬಣ್ಣಿಸಲು ವಿವರ ಬೇಕೆಂದು ಲಿಂಡಾ ಅವರಿಗೆ ಫೋನು ಮಾಡಿದೆ. ಅವರು ಬಿದ್ದು ಬಿದ್ದು ನಕ್ಕರು. ಭಕ್ತಿಯಲ್ಲ ಮಾರಾಯ, ಅದು ಜಗಳದ ರಾಜಿ ಎಂದರು. ಶಾಲೆಯಲ್ಲಿ ಯಾರ ಪ್ರಾರ್ಥನೆ ಹೇಳಿಸಬೇಕೆಂದು ಅವರ ದೇಶದಲ್ಲೂ ಬಡಿದಾಡಿ ಕೋರ್ಟಿನವರೆಗೆ ಹೋಗಿದ್ದಾರೆ. ಒಂದೇ ದೇವರ, ಬೇರೆ ಬೇರೆ ಚರ್ಚಿನ ಇಬ್ಬರು ಹೆಂಗಸರು, ಒಬ್ಬರು ಲಿಂಡಾ ಅವರ ತಾಯಿ, ಇನ್ನೊಬ್ಬರು ಪಕ್ಕದ ಮನೆಯವರು, ಇದೇ ಕಾರಣಕ್ಕೆ ವರ್ಷಗಟ್ಟಲೆ ಮಾತು ಬಿಟ್ಟಿದ್ದರಂತೆ. ಆ ನಿಮಿಷದಲ್ಲಿ ಪ್ರಾರ್ಥನೆ ಮಾಡುವವರು ಮಾಡಬಹುದು, ಇಲ್ಲದವರು ಸುಮ್ಮನೆ ಇರಬಹುದು, ಪಕ್ಕದವರಿಗೆ ತೊಂದರೆ ಕೊಡಬಾರದು ಅಷ್ಟೇ. ನನ್ನ ಮೂರು ವರ್ಷದ ಪುರಾಣ ಒಂದು ಫೋನಿನಲ್ಲಿ ಪುಸ್ಸೆಂದಿತು.

ಕಮಿಟಿಯ ಅಧ್ಯಕ್ಷರು ಶಂಕರಗೌಡರು. ಮುಳವಾಡದ ಏತ ನೀರಾವರಿಯ ನೀರು ಹೊಲಕ್ಕೆ ಬಂದಾಗಿನಿಂದ ಕಬ್ಬು ಬೆಳೆಯುವವರು. ಮಾತು ಒರಟು, ಮನಸ್ಸು ಹಾಗಲ್ಲ. ಮೀಟಿಂಗಿನಲ್ಲಿ ನಾನು ಒಂದು ನಿಮಿಷದ ವಿಚಾರ ಎತ್ತಿದ ಕೂಡಲೇ, "ಸುಮ್ಮ ನಿಂದ್ರೂದು ಎಂಥಾ ಪ್ರಾರ್ಥನಿರಿ ಮಾಸ್ತರ? ಎತ್ತೂ ನಿಂದರತಾವ" ಎಂದರು. ಅಮೆರಿಕದವರು ನಮಗಿಂತ ದೊಡ್ಡ ಭಕ್ತರು ಎಂದು ಹೇಳಿಬಿಟ್ಟಿದ್ದರೆ ಮಾತು ಅಲ್ಲಿಗೇ ಇತ್ಯರ್ಥವಾಗುತ್ತಿತ್ತೇನೋ. ಅಮೆರಿಕವೆಂದರೆ ನಮ್ಮಲ್ಲಿ ಮರ್ಯಾದೆ ಹೆಚ್ಚು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಸುಜಾತಾ ಓಡಿದ ಮೈದಾನ ಕಿಟಕಿಯಲ್ಲೇ ಕಾಣುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಅವರೂ ನಮ್ಮಂತೆಯೇ ಜಗಳಾಡಿದ್ದಾರೆ, ಸಾಕಾಗಿ ಸುಮ್ಮನೆ ನಿಂತಿದ್ದಾರೆ. ಸುಜಾತಾಳನ್ನು ನಾನು ಆರು ದಿನ ಓಡಿಸಿದ್ದನ್ನೂ ಹೇಳಿದೆ.

ಗೌಡರ ಮುಖ ಅರಳಿತು. "ಖರೇನ? ಅವ್ರೂ ಜಗಳಾಡ್ಯಾರ? ಕೋರ್ಟಿಗೂ ಹೋಗ್ಯಾರ? ಹಂಗಾರ ನಮ್ಮೋರಾ ಅದಾರ ಬಿಡ್ರಿ!" ಅಮೆರಿಕದ ಬಗ್ಗೆ ನಾನು ಹೇಳಿದ ಯಾವ ಮಾತೂ ಇಷ್ಟು ಹಿಡಿಸಿರಲಿಲ್ಲ. ಆಮೇಲೆ ದನಿ ಇಳಿಸಿ, "ಅರ್ಜುನನ ಮಗಳು ಓಡಿದ್ಲಂತ ನಮಗ ಯಾರೂ ಹೇಳ್ಲಿಲ್ಲಲ್ರಿ. ನೋಡೂಣು, ಒಂದ ನಿಮಿಷ ನಿಂತರ ಕಾಲೇನ ಸವ್ಯೂದಿಲ್ಲ" ಎಂದರು. ಹೆಡ್ ಮೇಡಂ ಅಷ್ಟರಲ್ಲಿ ಠರಾವು ಬರೆದೇಬಿಟ್ಟಿದ್ದರು. ಗೌಡರು ಮನಸ್ಸು ಬದಲಿಸುವ ವೇಗ ಅವರಿಗೆ ಗೊತ್ತು.

ಸೋಮವಾರ ಮೊದಲ ಮೌನ. ಗೌಡರೂ ಬಂದು ಕೊನೆಯ ಸಾಲಿನ ಹಿಂದೆ ನಿಂತಿದ್ದರು. ನಾನೂರು ಮಕ್ಕಳು ಸೀಟಿಯಿಲ್ಲದೆ ಸುಮ್ಮನಾದದ್ದು ನನ್ನ ನೌಕರಿಯಲ್ಲಿ ಅದೇ ಮೊದಲು. ಬಿಸಿಯೂಟದ ಕೋಣೆಯಲ್ಲಿ ಕುಕ್ಕರು ಕೂಗಿತು. ಮುಂದಿನ ಸಾಲಿನ ಒಬ್ಬ ಅರ್ಧ ಕಣ್ಣು ತೆರೆದು ಉಳಿದವರು ಮುಚ್ಚಿದ್ದಾರೋ ಇಲ್ಲವೋ ತಪಾಸಣೆ ಮಾಡುತ್ತಿದ್ದ. ನನಗೋ ಏನು ನೆನೆಯಬೇಕೆಂದೇ ಹೊಳೆಯಲಿಲ್ಲ. ಇಷ್ಟು ವರ್ಷ ಪ್ರಾರ್ಥನೆ ಮಾಡಿಸಿದವನಿಗೆ ಪ್ರಾರ್ಥನೆ ಮಾಡಲು ಬರುವುದಿಲ್ಲವೆಂದು ಗೊತ್ತಾಗಲು ಒಂದು ನಿಮಿಷ ಸಾಕಾಯಿತು. ಆಮೇಲೆ ಸುಜಾತಾ ಮೈಕಿಗೆ ಬಂದಳು. ನಾಡಗೀತೆಯ ಮೊದಲ ಸಾಲು ಕಂಪೌಂಡು ದಾಟಿ ರಸ್ತೆಗೆ ಹೋಯಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದವರೊಬ್ಬರು ಇಳಿದು ನಿಂತರು. ನನ್ನ ಕಣ್ಣಲ್ಲಿ ನೀರು ಬಂತು, ಸುತ್ತಮುತ್ತ ಎಲ್ಲೂ ಸೋಪು ಇರಲಿಲ್ಲ. ಗೌಡರು ಹೋಗುವಾಗ ಕಿವಿಯಲ್ಲಿ, "ಪಂಪ್‌ಸೆಟ್ ಬಂದ್ ಮಾಡೇನೋ ಇಲ್ಲೋ ಅಂತ, ಅದಾ ನೆಪ್ಪಾತು ನೋಡ್ರಿ. ನಡೀತದಲ್ಲ?" ಎಂದರು. ನಡೆಯುತ್ತದೆ ಎಂದೆ.

ಅಂದು ಸಂಜೆ ಸುಜಾತಾಳನ್ನು ಕರೆದೆ. ಮಾಸ್ತರಾದವನು ವಿದ್ಯಾರ್ಥಿಗೆ ತಪ್ಪಾಯಿತು ಎನ್ನುವ ಪದ್ಧತಿ ನಮ್ಮ ಕಡೆ ಇಲ್ಲ. ಆದರೂ, "ಆರು ದಿನ ನಿನ್ನ ಓಡಿಸಿದ್ದು ನನ್ನ ತಪ್ಪವಾ" ಎಂದೆ.

ಅವಳು ನೆಲ ನೋಡುತ್ತಲೇ ಹೇಳಿದಳು: "ಇರ್ಲಿ ಬಿಡ್ರಿ ಸರ್. ಆರನೇ ದಿನ ದಮ್ಮಾ ಹತ್ತಲಿಲ್ರಿ ನಂಗ. ತಾಲೂಕಾ ಓಟದಾಗ ನನ್ನ ಹೆಸರ ಬರೀರಿ." ಬರೆಯುತ್ತೇನೆ ಎಂದೆ. ಹೊರಟವಳು ನಿಂತು, ಈ ಸಲ ನನ್ನ ಮುಖವನ್ನೇ ನೋಡಿ ಹೇಳಿದಳು: "ಮತ್ತ... ಇನ್ನೊಬ್ಬರನ್ನ ಓಡಸೂ ಮೊದ್ಲ, ಯಾಕ ತಡಾ ಆತು ಅಂತ ಒಂದ ಸಲ ಕೇಳ್ರಿ ಸರ್."

ಕೇಳುತ್ತಿದ್ದೇನೆ. ಒಬ್ಬನ ಎಮ್ಮೆ ಕರು ಹಾಕಿತ್ತು, ಒಬ್ಬಳಿಗೆ ತಮ್ಮನನ್ನು ಅಂಗನವಾಡಿಗೆ ಬಿಡಬೇಕಿತ್ತು, ಇನ್ನೊಬ್ಬ ಅಜ್ಜಿಯ ಗುಳಿಗೆ ಹುಡುಕಿ ಕೊಟ್ಟು ಬಂದಿದ್ದ. ಹತ್ತರಲ್ಲಿ ಇಬ್ಬರು ಅಪ್ಪಟ ಸುಳ್ಳು ಹೇಳುತ್ತಾರೆ, ಅದನ್ನೂ ಪೂರ್ತಿ ಕೇಳುತ್ತೇನೆ. ಎಲ್ಲರದ್ದೂ ಕೇಳಿ ಮುಗಿಯುವಷ್ಟರಲ್ಲಿ ಮೊದಲ ಪಿರಿಯಡ್ಡಿನ ಗಂಟೆ ಬಾರಿಸಿಬಿಟ್ಟಿರುತ್ತದೆ. ಈಗ ದಿನಾ ಮೈದಾನದಲ್ಲಿ ಓಡುವವನು ಒಬ್ಬನೇ, ಕ್ಲಾಸಿಗೆ ತಡವಾದ ಪಿ.ಟಿ. ಮಾಸ್ತರ.