ಎಲ್ಲಿಗೆ ಎಂದು ಕೇಳದ ಟ್ಯಾಕ್ಸಿ

ಕೌಲಾಲಂಪುರಕ್ಕೆ ಬಂದ ವಾರದಲ್ಲೇ ಅಮ್ಮ ತೀರ್ಪು ಕೊಟ್ಟುಬಿಟ್ಟಳು: ಈ ಊರಿನ ಟ್ಯಾಕ್ಸಿಯವರಷ್ಟು ಸಂಸ್ಕಾರವಂತರು ಬೇರೆಲ್ಲೂ ಇಲ್ಲ.

"ನೋಡೇ, ಹತ್ತಿ ಕೂತ್ರೂ ಎಲ್ಲಿಗೆ ಅಂತ ಒಬ್ಬನಾದ್ರೂ ಕೇಳ್ತಾನಾ? ನಮ್ಮ ಭದ್ರಾವತಿ ಆಟೋದವ್ರು ಇವ್ರನ್ನ ನೋಡಿ ಕಲೀಬೇಕು."

ಟ್ಯಾಕ್ಸಿ ಕರೆಯುವಾಗಲೇ ಹೋಗಬೇಕಾದ ಜಾಗವನ್ನು ಫೋನಿನಲ್ಲಿ ಒತ್ತಿರುತ್ತೇವೆ, ಅದು ಡ್ರೈವರನ ಫೋನಿಗೆ ಹೋಗಿರುತ್ತದೆ, ಮತ್ತೆ ಅವನ್ಯಾಕೆ ಕೇಳುತ್ತಾನೆ ಎಂದು ಬಿಡಿಸಿ ಹೇಳಿದೆ. "ಫೋನಿಗೇನು ಗೊತ್ತೇ ಮಾರಾಯ್ತಿ ಇದೆಲ್ಲ," ಎಂದು ಕಿಟಕಿಯ ಕಡೆ ತಿರುಗಿ ಕೂತಳು.

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಎನ್ನುವುದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿದೆ. ತಿಳಿಯಲೇಬೇಕಿದ್ದರೆ "ದೂರ ಹೊರಟ್ರಾ?" ಅನ್ನಬೇಕು. ಯಾರಾದರೂ ಕೇಳಿಯೇಬಿಟ್ಟರೆ ಹೋದ ಕೆಲಸ ಕೆಟ್ಟಿತೆಂದೇ ಲೆಕ್ಕ. ಒಳಗೆ ವಾಪಸು ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಅಮ್ಮ ಈ ಕಾನೂನನ್ನು ಆಟೋದವರಿಗೂ ಹಾಕಿದ್ದಳು. ಭದ್ರಾವತಿಯಲ್ಲಿ ನಮ್ಮ ಮನೆಯಿರುವ ಜನ್ನಾಪುರದ ತಿರುವಿನಲ್ಲಿ ನಿಂತು, ಆಟೋ ಇನ್ನೂ ಅಷ್ಟು ದೂರದಲ್ಲಿರುವಾಗಲೇ "ಹಳೇನಗರ! ಹಳೇನಗರ!" ಎಂದು ಕೂಗುತ್ತಿದ್ದಳು, ಅವನು ಬಾಯಿ ತೆರೆಯುವ ಮೊದಲೇ ಉತ್ತರ ಅವನ ಕಿವಿಗೆ ಬಿದ್ದಿರಲಿ ಎಂದು. ನನ್ನ ಪರೀಕ್ಷೆಯ ದಿನಗಳಲ್ಲಂತೂ ಆ ಕೂಗು ಇಡೀ ಬೀದಿಗೆ ಕೇಳುತ್ತಿತ್ತು. ನಾನು ನಾಚಿಕೆಯಿಂದ ಸಾಯುತ್ತಿದ್ದೆ.

ನನ್ನ ಗಂಡ ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿದ್ದರು. ಯಂತ್ರ ಕೂರಿಸುವ ಕೆಲಸಕ್ಕೆಂದು ಅವರನ್ನು ಮಲೇಶಿಯಾಕ್ಕೆ ಕಳಿಸಿದಾಗ ನಾನೂ ಹೋದೆ. ಮೊದಮೊದಲು ಒಬ್ಬಳೇ ಟ್ಯಾಕ್ಸಿ ಹತ್ತುವುದೆಂದರೆ ಎದೆ ಡವಡವ. ಕಾರುಗಳೆಲ್ಲ ಒಂದೇ ಥರ ಬಿಳಿ. ಒಮ್ಮೆ ಯಾರದೋ ಸ್ವಂತ ಕಾರಿನ ಬಾಗಿಲು ತೆಗೆದು ಹಾಯಾಗಿ ಕೂತುಬಿಟ್ಟಿದ್ದೆ. ಒಳಗಿದ್ದ ಹೆಂಗಸು ಹೌಹಾರಿ ಮಗುವನ್ನು ಅಪ್ಪಿಕೊಂಡಳು. ಅಯ್ಯೋ, ಆಮೇಲೆ ಎಷ್ಟು ದಿನ ನಡೆದೇ ಓಡಾಡಿದೆನೋ!

ಅಲ್ಲಿರುವಾಗಲೇ ಬಸುರಿಯಾದೆ. ಇದು ಎರಡನೆಯದು. ಮೊದಲನೆಯದು ಶಿವಮೊಗ್ಗದಲ್ಲಿ, ನವುಲೆಯ ಬಾಡಿಗೆ ಮನೆಯಲ್ಲಿದ್ದಾಗ, ಐದನೇ ತಿಂಗಳಲ್ಲಿ ಹೋಗಿತ್ತು. ತಿಂಗಳ ಚೆಕಪ್‌ಗೆಂದು ಹೋದವಳಿಗೆ ಮಗುವಿನ ಎದೆಬಡಿತ ಸಿಗುತ್ತಿಲ್ಲ ಎಂದಿದ್ದರು. ಈಗ ಮತ್ತೆ ಅದೇ ಐದನೇ ತಿಂಗಳು. ಈ ಮಗುವಾದರೂ ಉಳಿಯಲಿ ಎನ್ನುವುದು ಬಿಟ್ಟರೆ ನನ್ನ ತಲೆಯಲ್ಲಿ ಬೇರೆ ಯೋಚನೆಯೇ ಇರಲಿಲ್ಲ. ವಿಮಾನ ನಿಲ್ದಾಣವನ್ನೇ ನೋಡಿರದ ಅಮ್ಮ ಒಬ್ಬಳೇ ವಿಮಾನ ಹತ್ತಿ ಬಂದಿದ್ದಳು.

ಸ್ಕ್ಯಾನಿಂಗ್ ದಿನ ಬೆಳಿಗ್ಗೆ ಧೋ ಎಂದು ಮಳೆ. ಗಂಡ ಕೆಲಸದಲ್ಲಿದ್ದರು. ಫೋನಿನಲ್ಲಿ ಎಷ್ಟು ಒತ್ತಿದರೂ ಟ್ಯಾಕ್ಸಿ ಸಿಗಲಿಲ್ಲ. ಕೊನೆಗೆ ಕೊಡೆ ಹಿಡಿದು ಇಬ್ಬರೂ ರಸ್ತೆಗೇ ಇಳಿದೆವು. ಹಳೆಯದೊಂದು ಟ್ಯಾಕ್ಸಿ ಬಂದು ನಿಂತಿತು. ತಲೆ ನರೆತ ಡ್ರೈವರ್ ನಮ್ಮ ಸೀರೆ, ಕುಂಕುಮ ನೋಡಿ ತಮಿಳಿನಲ್ಲೇ ಕೇಳಿದ: "ಎಂಗಮ್ಮಾ ಪೋಣುಂ?"

ಕಾರಿನೊಳಗೆ ಇಟ್ಟಿದ್ದ ಕಾಲನ್ನು ಅಮ್ಮ ಹಿಂದಕ್ಕೆ ತೆಗೆದಳು. ಎಲ್ಲಿಗೆ ಎಂದೇ ಅವನು ಕೇಳಿದ್ದು. ಜನ್ನಾಪುರದ ನಮ್ಮ ಪಕ್ಕದ ಮನೆಯವರು ಕಾರ್ಖಾನೆ ಕೆಲಸಕ್ಕೆ ಬಂದು ನೆಲೆಸಿದ ತಮಿಳರು. ಅಮ್ಮನಿಗೆ ಅಷ್ಟು ತಮಿಳು ಧಾರಾಳವಾಗಿ ಬರುತ್ತಿತ್ತು.

"ಅಮ್ಮ, ಹತ್ತು. ಹೊತ್ತಾಯ್ತು."

"ಊಹೂಂ. ಮೇಲೆ ಹೋಗಿ, ಕೂತು, ನೀರು ಕುಡ್ದು ಬರಣ."

"ಇದು ಹೋದ್ರೆ ಇನ್ನೊಂದು ಸಿಗಲ್ಲಮ್ಮ! ಮಳೆ ನೋಡು!"

"ಸಿಗದಿದ್ರೆ ನಡ್ಕೊಂಡು ಹೋಗಣ."

ಡ್ರೈವರನಿಗೆ ಅಮ್ಮ ತಮಿಳಿನಲ್ಲಿ ಏನೋ ಎರಡು ಮಾತು ಹೇಳಿದಳು. ಅವನು ನಾಲಿಗೆ ಕಚ್ಚಿಕೊಂಡ. ತಪ್ಪು ತನ್ನದೇ, ತಮ್ಮ ಮನೆಯಲ್ಲೂ ಹೊರಟವರನ್ನು ಹಾಗೆ ಕೇಳುತ್ತಿರಲಿಲ್ಲ, ಹೋಗಿ ಬನ್ನಿ, ಇಲ್ಲೇ ಇರುತ್ತೇನೆ ಎಂದ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು.

ಲಿಫ್ಟಿನಲ್ಲಿ ಹಲ್ಲು ಕಚ್ಚಿಕೊಂಡಿದ್ದವಳು ಮನೆಯ ಬಾಗಿಲು ತೆಗೆದದ್ದೇ ಹರಿಹಾಯ್ದೆ. "ನಂಗೆ ಮೊದಲೇ ಜೀವ ಬಾಯಿಗೆ ಬಂದಿದೆ. ಅದರ ಮೇಲೆ ನಿಂದೊಂದು! ಯಾರೋ ಬಾಯಿ ತಪ್ಪಿ ಕೇಳಿದ್ರೆ ಮಗುಗೆ ಏನಾಗುತ್ತಮ್ಮ?"

ಅಮ್ಮ ಲೋಟಕ್ಕೆ ನೀರು ಬಗ್ಗಿಸುತ್ತಿದ್ದಳು. ಲೋಟ ತುಂಬಿ ನೀರು ಮೇಜಿನ ಮೇಲೆಲ್ಲ ಚೆಲ್ಲಿತು.

"ಅವತ್ತು ನಾನೇ ಕೇಳಿದ್ದು ಕಣೇ," ಎಂದಳು.

ಯಾವತ್ತು ಎಂದು ನನಗೆ ತಕ್ಷಣ ಹೊಳೆಯಲಿಲ್ಲ.

"ನವುಲೆ ಮನೇಲಿ, ನಿನ್ನ ಜೊತೆಗಿರಣ ಅಂತ ಬಂದಿದ್ನಲ್ಲ, ಆಗ. ನಾನು ಅಡುಗೆಮನೇಲಿ ಕಾಯಿ ತುರೀತಿದ್ದೆ. ನೀನು ಚಪ್ಪಲಿ ಮೆಟ್ಟಿದ ಸದ್ದಾಯ್ತು. ಏನೋ ಯೋಚನೇಲಿ, ಎಲ್ಲಿಗೇ ಹೊರಟೆ ಅಂದ್ಬಿಟ್ಟೆ. ಚೆಕಪ್‌ಗಮ್ಮಾ ಅಂದೆ ನೀನು. ವಾಪಸ್ ಕರೀಬೇಕಿತ್ತು. ಒಲೆ ಮೇಲೆ ಸಾರಿತ್ತು, ಕರೀಲಿಲ್ಲ."

ನನಗೆ ಆ ಮಾತಿನ ನೆನಪೇ ಇರಲಿಲ್ಲ. ಇವಳು ಅದನ್ನು ಇಷ್ಟು ವರ್ಷ ಒಬ್ಬಳೇ ಎದೆಯಲ್ಲಿಟ್ಟುಕೊಂಡು, ನನ್ನ ಆರೈಕೆಗೆಂದು ಸಮುದ್ರ ದಾಟಿ ಬಂದಿದ್ದಳು. ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಪಕ್ಕದಲ್ಲಿ ಕೂತೆ.

"ಅಮ್ಮ, ನೀನು ಕೇಳೋಕೆ ಮುಂಚೇನೇ ನಂಗೆ ಗೊತ್ತಿತ್ತು. ಹಿಂದಿನ ದಿನದಿಂದ್ಲೇ ಮಗು ಅಲುಗಾಡ್ತಿರ್ಲಿಲ್ಲ. ನಿಂಗೆ ಗಾಬರಿ ಆಗ್ಬಾರ್ದು ಅಂತ ಚೆಕಪ್ ಅಂದೆ ಅಷ್ಟೆ."

ಅದು ಅಪ್ಪಟ ಸುಳ್ಳು. ಆ ಬೆಳಿಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಆಟೋದಲ್ಲಿ ಕೂತು ದಾರಿಯುದ್ದಕ್ಕೂ ಮಗುವಿಗೆ ಹೆಸರು ಹುಡುಕುತ್ತಾ ಹೋಗಿದ್ದೆ.

ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, ಅದೇ ಸೆರಗಿನಲ್ಲಿ ಮೇಜನ್ನೂ ಒರೆಸಿದಳು. ಇಬ್ಬರೂ ನೀರು ಕುಡಿದೆವು. ಕೆಳಗೆ ಬಂದರೆ ಟ್ಯಾಕ್ಸಿ ಅಲ್ಲೇ ನಿಂತಿತ್ತು. ಡ್ರೈವರ್ ತುಟಿ ಪಿಟಕ್ಕೆನ್ನದೆ ಬಾಗಿಲು ತೆಗೆದ. ಆಸ್ಪತ್ರೆಯ ಹೆಸರನ್ನು ನಾನೇ ಹೇಳಿದೆ.

ಸ್ಕ್ಯಾನಿಂಗ್ ಕೋಣೆಗೆ ಅಮ್ಮನನ್ನೂ ಬಿಟ್ಟರು. ಹೊಟ್ಟೆಯ ಮೇಲೆ ತಣ್ಣನೆಯದೇನೋ ಸವರಿ ಯಂತ್ರ ಆಡಿಸಿದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಸ್ವಲ್ಪ ಹೊತ್ತು ಬರೀ ಗೊರಗೊರ. ಆಮೇಲೆ ಕೋಣೆ ತುಂಬ ದಡದಡ ದಡದಡ ಎಂದು ಎದೆಬಡಿತ ಕೇಳಿತು. ವೈದ್ಯೆ ನಕ್ಕು ಪರದೆಯ ಕಡೆ ಬೆರಳು ಮಾಡಿದಳು. ಮಗು ಕಾಲು ಝಾಡಿಸುತ್ತಿತ್ತು. ನಾನು ಜೋರಾಗಿ ಅತ್ತೆ.

ಅಮ್ಮ ಪರದೆ ನೋಡುತ್ತಿರಲಿಲ್ಲ. ನನ್ನ ಕೂದಲು ಸರಿಸಿ, ಕಿವಿಯ ಹತ್ತಿರ ಬಗ್ಗಿದಳು.

"ಆಗ ಮನೇಲಿ ಹೇಳಿದ್ಯಲ್ಲ, ಅದು ಸುಳ್ಳು ಅಂತ ನಂಗೊತ್ತು ಮಾರಾಯ್ತಿ," ಎಂದಳು. "ಇನ್ನೊಂದ್ಸಲ ಹೇಳು."

ಹೇಳಿದೆ.